ಗುರುವಾರದ ಕೊನೆಯ ಪೇಷಂಟ್

ನಾನು ಗಡಿಯಾರ ರಿಪೇರಿ ಮಾಡುವವನು. ಊರಿನ ಅರ್ಧ ಜನ ಹೊತ್ತಿಗೆ ಸರಿಯಾಗಿ ಎದ್ದು, ಉಂಡು, ಬಸ್ಸು ಹಿಡಿಯುವುದು ನನ್ನ ಕೈಗುಣದಿಂದ. ಆದರೆ ಸ್ವಂತ ಹೆಂಡತಿಯನ್ನು ಹೇಳಿದ ಹೊತ್ತಿಗೆ ಮನೆಗೆ ತರಿಸುವ ವಿದ್ಯೆ ಮಾತ್ರ ಹದಿನೆಂಟು ವರ್ಷಗಳಲ್ಲಿ ನನಗೆ ಒಲಿದಿಲ್ಲ. ಅವಳು ನರ್ಸ್. ಮನೆಯಿಂದ ಎರಡು ಬೀದಿ ಆಚೆ, ಒಬ್ಬ ಡಾಕ್ಟರಮ್ಮ, ಮೂರು ಕೋಣೆ, ಒಂದು ತೂಕದ ಯಂತ್ರ ಇರುವ ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ. ಬಾಗಿಲಿಗೆ 'ಸಂಜೆ ಆರರವರೆಗೆ' ಎಂಬ ಬೋರ್ಡು ತೂಗುತ್ತದೆ. ಆ ಬೋರ್ಡನ್ನು ನಂಬಿ ಕೆಟ್ಟವನು ಊರಿನಲ್ಲಿ ನಾನೊಬ್ಬನೇ.

ಗುರುವಾರ ಮಧ್ಯಾಹ್ನದ ಮೇಲೆ ನನ್ನ ಅಂಗಡಿಗೆ ರಜೆ. ಮದುವೆಯಾದಾಗಿನಿಂದ ಗುರುವಾರ ಸಂಜೆ ನಾವಿಬ್ಬರೂ ಕೆರೆಯ ಏರಿಯ ಮೇಲೆ ನಡೆದು, ಕೊನೆಯ ಕಲ್ಲುಬೆಂಚಿನಲ್ಲಿ ಕೂತು, ಕಡಲೆಕಾಯಿ ಸುಲಿಯುತ್ತಾ ಹರಟಿ ಬರುವುದು ವಾಡಿಕೆ. ವಾರದ ಉಳಿದ ಆರು ದಿನ ನಾವು ಒಂದೇ ಫ್ರಿಜ್ ಬಳಸುವ ಇಬ್ಬರು ಪರಿಚಿತರು, ಅಷ್ಟೇ. ಸಂಸಾರ ಅಂತ ಇದ್ದದ್ದು ಗುರುವಾರ. ನಾಲ್ಕು ತಿಂಗಳಿಂದ ಅದೂ ನಿಂತುಹೋಗಿತ್ತು.

ಕಾರಣ, ಐದೂಮುಕ್ಕಾಲರ ಸರದಿ. ದಿನದ ಕಟ್ಟಕಡೆಯ ಸರದಿ. ಅದನ್ನು ಹಿಡಿದು ಬಂದವರು ಮಂಡಿನೋವು ಎಂದು ಶುರುಮಾಡಿ, ಮಾತ್ರೆ ಬರೆಸಿಕೊಂಡು ಎದ್ದು, ಬಾಗಿಲ ಹಿಡಿ ಹಿಡಿದುಕೊಂಡು, 'ಅಂದಹಾಗೆ ಸಿಸ್ಟರ್...' ಎನ್ನುತ್ತಾರೆ. ಆ 'ಅಂದಹಾಗೆ'ಗೆ ಮುಕ್ಕಾಲು ಗಂಟೆ. ನಾಳೆ ಬನ್ನಿ ಎನ್ನುವುದಕ್ಕೆ ನಿನಗೇನು ಕಷ್ಟ ಎಂದು ಒಮ್ಮೆ ಜಗಳ ತೆಗೆದೆ. ಬಿಚ್ಚಿಟ್ಟ ವಾಚನ್ನು ಅರ್ಧಕ್ಕೆ ಬಿಟ್ಟು ನೀವು ಅಂಗಡಿ ಬಾಗಿಲು ಹಾಕುತ್ತೀರಾ ಎಂದು ತಿರುಗಿ ಕೇಳಿದಳು. (ಹಾಕುತ್ತೇನೆ. ದಿನಾ ಹಾಕುತ್ತೇನೆ. ಆದರೆ ಆ ಗಳಿಗೆಯಲ್ಲಿ ಅದನ್ನು ಒಪ್ಪಿಕೊಳ್ಳುವುದು ಜಾಣತನವಾಗಿರಲಿಲ್ಲ.)

ಹೀಗಿರಲಾಗಿ ಒಂದು ದಿನ ಬಚ್ಚಲುಮನೆಯಲ್ಲಿ, ತಲೆಗೆ ಸೋಪು ಹಚ್ಚಿಕೊಂಡ ಸ್ಥಿತಿಯಲ್ಲಿ, ನನಗೆ ಜ್ಞಾನೋದಯವಾಯಿತು. ಆ ಕೊನೆಯ ಸರದಿಯನ್ನು ನಾನೇ ಹಿಡಿದು, ಹೋಗದೇ ಇದ್ದುಬಿಟ್ಟರೆ? ಪೇಷಂಟ್ ಇಲ್ಲ. 'ಅಂದಹಾಗೆ' ಇಲ್ಲ. ಆರಕ್ಕೆ ಹೆಂಡತಿ ಮನೆಯಲ್ಲಿ. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯದೆ ಇದ್ದದ್ದಕ್ಕೆ ನನ್ನ ಮೇಲೇ ಬೇಸರವಾಯಿತು.

ಯಾವುದೋ ಆಫರಿನಲ್ಲಿ ತೆಗೆದುಕೊಂಡು ಯಾರಿಗೂ ಕೊಡದ ಎರಡನೇ ನಂಬರು ನನ್ನ ಮೊಬೈಲಿನಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿ, ಗಂಟಲು ದಪ್ಪ ಮಾಡಿಕೊಂಡು ಕ್ಲಿನಿಕ್ಕಿಗೆ ಫೋನಾಯಿಸಿದೆ. ಎತ್ತಿದವಳು ಮುಂದಿನ ಮೇಜಿನಲ್ಲಿ ಕೂರುವ ಹೆಂಗಸು. ಊರೆಲ್ಲ ಅವಳನ್ನು ಟೋಕನ್ ಅಕ್ಕ ಎನ್ನುತ್ತದೆ. ಹೆಸರು ಕೇಳಿದಳು, ಒಂದು ಕೊಟ್ಟೆ. (ಏನೆಂದು ಇಲ್ಲಿ ಹೇಳಲಾರೆ. ಆ ಮಹಾಶಯ ಇಂದಿಗೂ ಕ್ಲಿನಿಕ್ಕಿನ ಕಡತದಲ್ಲಿ ಬದುಕಿದ್ದಾನೆ.) ವಿಳಾಸ ಕೇಳಿದಳು. ನಮ್ಮ ಬಡಾವಣೆಯಲ್ಲಿ ಹದಿಮೂರು ಅಡ್ಡರಸ್ತೆಗಳಿವೆ, ಹದಿನಾಲ್ಕನೆಯದು ಎಂದೆ. ಆಮೇಲೆ ಏನು ತೊಂದರೆ ಎಂದು ಕೇಳಿದಳು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಳ್ಳಿನ ಅಭ್ಯಾಸ ಕಡಿಮೆ ಇರುವವನು ಸಿಕ್ಕಿಬಿದ್ದಾಗ ಕೈಗೆ ಸಿಕ್ಕ ನಿಜ ಹೇಳಿಬಿಡುತ್ತಾನೆ. ಬೆಳಗ್ಗೆ ಎದ್ದರೆ ಹಿಂದಲೆ ನೋವು, ಮೆಟ್ಟಿಲು ಹತ್ತಿದರೆ ಏದುಸಿರು, ಒಮ್ಮೊಮ್ಮೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ನನ್ನವನ್ನೇ ಒಪ್ಪಿಸಿ, ನಂಬರನ್ನು ಮತ್ತೆ ಮಲಗಿಸಿದೆ.

ಗುರುವಾರ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊಸಲಲ್ಲಿ ನಿಂತೆ. ಆರೂವರೆಗೆ ಕೂತೆ. ಏಳೂಕಾಲಿಗೆ ಚಪ್ಪಲಿ ಬಿಟ್ಟೆ. ಏಳೂವರೆಗೆ ಬಂದಳು. ಯಾರೋ ಒಬ್ಬರು ಬರಬೇಕಿತ್ತು, ಬರಲಿಲ್ಲ, ಕಾಯುತ್ತಾ ಕೂತಿದ್ದೆ ಎಂದಳು. ಬರದವರಿಗೆ ಯಾಕೆ ಕಾಯಬೇಕು ಎಂದೆ, ಎಷ್ಟು ಸಾಧ್ಯವೋ ಅಷ್ಟು ನಿರ್ಲಿಪ್ತನಾಗಿ. ಅಂಥ ತೊಂದರೆ ಹೇಳಿಕೊಂಡವರು ಬರದಿದ್ದರೆ ಪತ್ತೆ ಆಗುವವರೆಗೂ ಬಿಡಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆಯಂತೆ. ಎಂಥ ತೊಂದರೆ ಎಂದು ಅವಳು ಹೇಳಲಿಲ್ಲ. ಪೇಷಂಟುಗಳ ವಿಷಯ ಅವಳ ಬಾಯಿಂದ ಹೊರಬಿದ್ದದ್ದು ನನಗೆ ಗೊತ್ತಿಲ್ಲ. ನನಗಾದರೋ ಕೇಳುವ ಅಗತ್ಯವೂ ಇರಲಿಲ್ಲ.

ಆ ಕ್ಲಿನಿಕ್ಕಿನಲ್ಲಿ ಇನ್ನೊಂದು ಪದ್ಧತಿಯಿದೆ. ಬರದವರಿಗೆ ಮುಂದಿನ ವಾರ ಅದೇ ಹೊತ್ತನ್ನು ತಾವಾಗಿಯೇ ಕಾದಿರಿಸುತ್ತಾರೆ. ಎರಡನೇ ಗುರುವಾರ ಅವಳು ಬಂದಾಗ ಎಂಟು. ಮುಖ ಬಾಡಿತ್ತು, ಕಾಲು ಊದಿತ್ತು. ಹದಿನಾಲ್ಕನೇ ಅಡ್ಡರಸ್ತೆ ಹುಡುಕಿಕೊಂಡು ಹೋಗಿದ್ದಳಂತೆ. ಹದಿಮೂರರ ಕೊನೆಯಲ್ಲಿ ಖಾಲಿ ಸೈಟು, ಅದರಾಚೆ ಗೋಡೆ, ಗೋಡೆಯಾಚೆ ಇನ್ನೇನಾದರೂ ಇದೆಯೋ ಎಂದು ಸುತ್ತು ಹಾಕಿ ನೋಡಿ ಬಂದಿದ್ದಳು. ನಾನು ನೀರು ಕಾಯಿಸಿ ಅವಳ ಕಾಲಿಗೆ ಉಪ್ಪುನೀರಿನ ಶಾಖ ಕೊಟ್ಟೆ. ಎಷ್ಟು ಒಳ್ಳೆಯವರು ನೀವು ಎಂದಳು. ಆ ಮಾತು ನುಂಗುವುದು ಬಲು ಕಷ್ಟವಾಯಿತು.

ಮೂರನೇ ಗುರುವಾರದ ಹಿಂದಿನ ಸಂಜೆ, ಈ ಪಾಪವನ್ನು ಮುಗಿಸಿಬಿಡೋಣವೆಂದು ಮೊಬೈಲ್ ಹಿಡಿದು ಬಚ್ಚಲುಮನೆ ಸೇರಿದೆ. 'ಗುಣವಾಗಿದೆ, ಬರುವುದಿಲ್ಲ' ಎಂದು ಒಂದು ಮೆಸೇಜು ಕಳಿಸಿದರೆ ಆ ಮನುಷ್ಯನ ಋಣ ತೀರಿತು. ನಂಬರನ್ನು ಎಬ್ಬಿಸಿದ್ದೇ ತಡ, ಮೊಬೈಲು ಕೈಯಲ್ಲೇ ನಡುಗಿತು. ಅಡುಗೆಮನೆಯಲ್ಲಿ ನಿಂತು ಅವಳು ಎಷ್ಟನೆಯ ಸಲವೋ ಆ ನಂಬರಿಗೆ ಪ್ರಯತ್ನಿಸುತ್ತಿದ್ದಳು. ಗಾಬರಿಯಲ್ಲಿ ಒತ್ತಬಾರದ್ದನ್ನು ಒತ್ತಿದೆ. ದನಿ ಕೇಳಿಸದಿರಲೆಂದು ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿದೆ.

"ಸದ್ಯ, ಎತ್ತಿದ್ರಲ್ಲ. ನಾನು ಕ್ಲಿನಿಕ್‌ನ ಸಿಸ್ಟರು. ಹೇಗಿದ್ದೀರಾ ನೀವು?"

ಕಂಡು ಕೇಳರಿಯದ ಒಬ್ಬ ಮನುಷ್ಯ ಬದುಕಿದ್ದಾನೆ ಎಂಬುದೇ ಅವಳಿಗೆ ಅಷ್ಟು ದೊಡ್ಡ ಸಮಾಧಾನವಾಗಿತ್ತು. ಇಂಥವಳನ್ನು ಆರಕ್ಕೆ ಬಾ ಎಂದು ಪೀಡಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಪರವಾಗಿಲ್ಲ ಎಂದು ದಪ್ಪ ಗಂಟಲಲ್ಲಿ ಗೊಣಗಿದೆ. ನೋವು ಇದೆಯಾ, ನಿದ್ದೆ ಬರುತ್ತಾ ಎಂದು ಒಂದೊಂದಾಗಿ ಕೇಳಿದಳು. ಎಲ್ಲಕ್ಕೂ ನಿಜವನ್ನೇ ಹೇಳಿದೆ.

"ನೋಡ್ಕೊಳ್ಳೋಕೆ ಮನೇಲಿ ಯಾರಾದ್ರೂ ಇದ್ದಾರಾ?"

"ಹೆಂಡತಿ ಇದ್ದಾಳೆ. ಒಳ್ಳೆಯವಳು. ಬರೋದು ಸ್ವಲ್ಪ ಲೇಟು."

ಅತ್ತಕಡೆಯಿಂದ ಅದೇ ಮೃದುವಾದ ದನಿಯಲ್ಲಿ ಹೇಳಿದಳು: "ಸರಿ. ಈಗ ನಲ್ಲಿ ನಿಲ್ಲಿಸಿ ಹೊರಗೆ ಬನ್ನಿ. ನೀರಿನ ಸದ್ದು ನನಗೆ ಎರಡು ಕಿವೀಲೂ ಕೇಳ್ತಿದೆ."

ಹೊರಗೆ ಬಂದೆ. ಸೌಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಒಪ್ಪಿಸಿದೆ. ಆ ಸರದಿ ಸಿಗದೆ ಒಬ್ಬ ತಾತ ಎರಡು ವಾರ ಗುರುವಾರದ ಬದಲು ಶುಕ್ರವಾರ ಕುಂಟುತ್ತಾ ಬಂದರೆಂದು ಮಾತ್ರ ಹೇಳಿದಳು. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ಸೌಟು ಕೆಳಗಿಟ್ಟು ಕೇಳಿದಳು:

"ಬೆಳಗ್ಗೆ ಹಿಂದಲೆ ನೋವು ಅಂದಿದ್ದು, ಅದೂ ಸುಳ್ಳಾ?"

"ಅದೊಂದೇ ನಿಜ. ಮೂರು ತಿಂಗಳಾಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಗುರುವಾರ ಹೇಳೋಣ ಅಂತಿದ್ದೆ."

ಅವಳ ಕಣ್ಣು ತುಂಬಿತು. ಅದನ್ನು ಒರೆಸಿಕೊಂಡು, ನಾಳೆಯ ಆ ಸರದಿಗೆ ನೀವೇ ಬರಬೇಕು ಎಂದಳು.

ಮರುದಿನ ಐದೂಮುಕ್ಕಾಲಿಗೆ ಕ್ಲಿನಿಕ್ಕಿನ ಬೆಂಚಿನಲ್ಲಿ ನಾನೇ ಹಾಜರ್. ಟೋಕನ್ ಅಕ್ಕ ಆ ಸುಳ್ಳು ಹೆಸರನ್ನೇ ಬೀದಿಗೆ ಕೇಳುವಂತೆ ಮೂರು ಸಲ ಕೂಗಿದಳು. ನಾನು ಎದ್ದು ನಿಲ್ಲುವವರೆಗೂ ಬಿಡಲಿಲ್ಲ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಇನ್ನೊಮ್ಮೆ ನೋಡಿದರು. ಬಿ.ಪಿ. ನೂರೆಪ್ಪತ್ತು ದಾಟಿತ್ತು. ಹೀಗೇ ಬಿಟ್ಟಿದ್ದರೆ ನಿಮ್ಮ ಗಡಿಯಾರಕ್ಕೆ ಕೀ ಕೊಡೋಕೆ ನಮ್ಮ ಕೈಲೂ ಆಗುತ್ತಿರಲಿಲ್ಲ ಎಂದರು. ದಿನಕ್ಕೊಂದು ಮಾತ್ರೆ, ಊಟಕ್ಕೆ ಅರ್ಧ ಉಪ್ಪು (ಕಡಲೆಕಾಯಿಗೆ ಅದೂ ಇಲ್ಲ), ನಡಿಗೆ. ಪ್ರತಿ ಗುರುವಾರ ಕೊನೆಯ ಸರದಿಯಲ್ಲಿ ತಪಾಸಣೆ. ಅದಾದ ಮೇಲೆ ಯಾರು ಬಂದರೂ ನಾನೇ ನೋಡಿಕೊಳ್ಳುತ್ತೇನೆ, ಈ ಪೇಷಂಟನ್ನು ಕೆರೆ ಏರಿಯ ಮೇಲೆ ನಡೆಸುವುದು ಸಿಸ್ಟರ್ ಡ್ಯೂಟಿ ಎಂದು ಚೀಟಿಯಲ್ಲೇ ಬರೆದರು. 'ಅಂದಹಾಗೆ'ಗಳನ್ನೆಲ್ಲ ಬಾಗಿಲಲ್ಲೇ ತಡೆಯುವ ಹೊಣೆಯನ್ನು ಟೋಕನ್ ಅಕ್ಕ ಹೊತ್ತಳು. ಮೋಸ ಮಾಡಲು ಹೋದವನಿಗೆ ಇಷ್ಟು ಒಳ್ಳೆಯ ಜನ ಸಿಕ್ಕರು. ನಾನು ಉಳಿದಿರುವುದು ಈ ಮೂವರಿಂದ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇದು ಕಳೆದ ಗುರುವಾರದ ಮಾತು. ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರು ಅಜ್ಜನ ಕಾಲದ ಗೋಡೆ ಗಡಿಯಾರ ತಂದರು. ಬಿಚ್ಚಿದ್ದಾಗಿತ್ತು, ಅರ್ಧಕ್ಕೆ ಬಿಡಲು ಯಾಕೋ ಮನಸ್ಸು ಬರಲಿಲ್ಲ. ಸಂಜೆಯವರೆಗೂ ಅದರಲ್ಲೇ ಮುಳುಗಿದೆ. ಮುಗಿಸಿಕೊಂಡು ಓಡೋಡಿ ಹೋದಾಗ ಆರೂಮುಕ್ಕಾಲು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನನ್ನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿಕೊಂಡು, ಗಡಿಯಾರ ನೋಡುತ್ತಾ ನಿಂತಿದ್ದಳು.

"ಕೊನೇ ಪೇಷಂಟ್ ಹೀಗೆ ಲೇಟಾಗಿ ಬಂದ್ರೆ," ಎಂದಳು, "ನಮ್ಗೂ ಮನೆ ಮಠ ಇರಲ್ವಾ?"