ಹುರುಳಿಯ ಮೇಲೆ ಬ್ರೇಕ್ ಪರೀಕ್ಷೆ

ಬ್ರೇಕ್ ಸರಿಮಾಡುವುದಕ್ಕೆ ಮೆಕ್ಯಾನಿಕ್ ಯಾಕೆ ಬೇಕು? ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಘರ್ಷಣೆಯ ಪಾಠ ಮಾಡಿದವನು ನಾನು! ಘರ್ಷಣೆ ಎಂದರೇನು, ಅದರ ವಿಧಗಳು ಯಾವುವು, ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ತಾಯಲೂರಿನ ಸುತ್ತಮುತ್ತ ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಆ ಭಾನುವಾರ ಬೆಳಿಗ್ಗೆ ಹನ್ನೊಂದರವರೆಗೂ ನಂಬಿದ್ದೆ.

ನನ್ನ ಕಾರು ಎಲ್ಲರ ಕಾರಿನಂಥದ್ದಲ್ಲ. ಎರಡೇ ಸೀಟಿನ, ಕೆಂಪು ಬಣ್ಣದ, ನನಗಿಂತ ನಾಲ್ಕು ವರ್ಷ ಹಿರಿಯ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಿಂದ ಇಳಿಯುವವರು ಮೊದಲು ನೆಲದ ಮೇಲೆ ಕೈಯೂರಿ ಆಮೇಲೆ ಏಳಬೇಕು. ಬೆಂಗಳೂರಿನಿಂದ ಅದನ್ನು ತಂದ ದಿನ ಊರಿನವರೆಲ್ಲ ಬಂದು ನೋಡಿದರು. ನಾಗರತ್ನ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಇದ್ರಲ್ಲಿ ಸೊಪ್ಪು ಎಲ್ಲಿ ಹಾಕೋದು?"

ನಾಗರತ್ನ ನನ್ನ ಹೆಂಡತಿ. ನಾನು ಶಾಲೆಗೆ ಹೋದರೆ ಅವಳು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಟ್ರ್ಯಾಕ್ಟರು ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಕಾರು ನಿಲ್ಲಿಸಲು ಬೇರೆ ಜಾಗವಿಲ್ಲದೆ ಅವಳ ಹುಳು ಮನೆಯಲ್ಲೇ ನಿಲ್ಲಿಸಿದ್ದೆ. ಹಳೆಯ ಹುಳುಗಳು ಗೂಡು ಕಟ್ಟಿ ಮುಗಿಸಿದ್ದರಿಂದ ಅದು ಖಾಲಿಯಿತ್ತು. ಮಂಗಳವಾರ ಹೊಸ ಹುಳು ಬರುವುದಿತ್ತು.

ಅಷ್ಟರಲ್ಲಿ ವಕ್ಕಲೇರಿಯ ನಾಮಕರಣವೊಂದು ಬಂತು. ನಾಗರತ್ನ ರೇಷ್ಮೆ ಸೀರೆ ಉಟ್ಟು ಕಾರಿನಲ್ಲಿ ಕೂತಳು. ಊರು ದಾಟುತ್ತಿದ್ದಂತೆ ಹಸುವೊಂದು ಅಡ್ಡ ಬಂತು. ಬ್ರೇಕ್ ತುಳಿದೆ. ಕಾರಿನ ಹಿಂಭಾಗ ಮುಂದಕ್ಕೆ ಬಂತು, ಮುಂಭಾಗ ಹಿಂದಕ್ಕೆ ಹೋಯಿತು! ಹಸು ಇದ್ದಲ್ಲೇ ಇತ್ತು. ನಾವು ಬಂದ ದಾರಿಯ ಕಡೆಗೆ ಮುಖಮಾಡಿ ನಿಂತಿದ್ದೆವು.

ನಾಗರತ್ನ ಸೆರಗು ಸರಿಮಾಡಿಕೊಂಡಳು. "ಮನೆ ಕಡೆಗೇ ತಿರುಗ್ಸಿದ್ದೀರಲ್ಲ, ಹಂಗೇ ನಡೀರಿ" ಎಂದಳು. ಮನೆಗೆ ಬಂದ ಮೇಲೆ ತೀರ್ಪು ಹೊರಬಿತ್ತು. "ಭಾನುವಾರ ಸಾಯಂಕಾಲ ಗುಜರಿಯವ್ನು ಬರ್ತಾನೆ, ಫೋನ್ ಮಾಡಿದೀನಿ. ಪೆಟ್ರೋಲ್ ವಾಸ್ನೆಗೆ ನನ್ನ ಹುಳ ಸೊಪ್ಪು ಮುಟ್ಟಲ್ಲ. ಅಷ್ಟರೊಳ್ಗೆ ಈ ಕಾರು ನನ್ನ ಕೂರಿಸ್ಕೊಂಡು ಒಂದೇ ಒಂದ್ಸಲ ನೆಟ್ಟಗೆ ನಿಂತ್ರೆ ಇಟ್ಕೊಳ್ಳಿ, ಪಕ್ಕದಲ್ಲಿ ಚಪ್ಪರ ಹಾಕಿಸ್ತೀನಿ. ಇಲ್ಲಾಂದ್ರೆ ತೂಕಕ್ಕೆ ಹಾಕ್ಬಿಡ್ತೀನಿ."

ತೂಕಕ್ಕೆ! ನನ್ನ ಕಾರನ್ನು! ಆ ರಾತ್ರಿ ಊಟ ಸೇರಲಿಲ್ಲ.

ಮೊಬೈಲಿನಲ್ಲಿ ನಾಲ್ಕು ವೀಡಿಯೊ ನೋಡಿ ರೋಗ ಪತ್ತೆಹಚ್ಚಿದೆ. ಮುಂದಿನ ಚಕ್ರಗಳ ಬ್ರೇಕಿಗೂ ಹಿಂದಿನ ಚಕ್ರಗಳ ಬ್ರೇಕಿಗೂ ಹೊಂದಾಣಿಕೆ ತಪ್ಪಿತ್ತು. ಜೋರಾಗಿ ಒತ್ತಿದಾಗ ಮುಂದಿನವು ಒಂದು ಕೂದಲೆಳೆಯಷ್ಟು ಮೊದಲು ಹಿಡಿಯಬೇಕು. ಹಿಂದಿನವು ಮೊದಲು ಹಿಡಿದರೆ ಕಾರು ಗಿರಕಿ ಹೊಡೆಯುತ್ತದೆ. ಇದನ್ನು ಸರಿಮಾಡಲು ನನ್ನ ಸೀಟಿನ ಪಕ್ಕದಲ್ಲೇ ಒಂದು ಹಿತ್ತಾಳೆಯ ತಿರುಪು ಇತ್ತು. ಬಲಕ್ಕೆ ತಿರುಗಿಸಿದರೆ ಹಿಂದಿನ ಬ್ರೇಕ್ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಇಷ್ಟೇ! ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ಪ್ರಯೋಗದ ಉದ್ದೇಶ, ಬೇಕಾಗುವ ಸಲಕರಣೆ, ವಿಧಾನ ಎಂದೆಲ್ಲ ಬರೆದುಕೊಂಡು ಭಾನುವಾರ ಬೆಳಿಗ್ಗೆ ಕೆರೆಯ ಕಡೆಯ ರಸ್ತೆಗೆ ಕಾರು ತೆಗೆದುಕೊಂಡು ಹೋದೆ.

ಆ ರಸ್ತೆಯಲ್ಲಿ ವಾಹನಗಳು ಕಡಿಮೆ. ಪಕ್ಕದ ಹೊಲದ ಮುನಿವೆಂಕಟಮ್ಮ ಹುರುಳಿ ಗಿಡ ಕಿತ್ತು ತಂದು ರಸ್ತೆಯ ಮೇಲೆ ಗೇಣೆತ್ತರ ಹರಡಿದ್ದಳು. ನಮ್ಮ ಕಡೆ ಇದು ಹೊಸದೇನಲ್ಲ. ಹೋಗಿಬರುವ ಲಾರಿ, ಬಸ್ಸುಗಳೇ ಮೇಲೆ ಹಾಯ್ದು ಕಾಳು ಬಿಡಿಸಿ ಒಕ್ಕಣೆ ಮಾಡಿಕೊಡುತ್ತವೆ. ಹುಟ್ಟಿದಾಗಿನಿಂದ ನೋಡಿದ್ದರಿಂದ ಅದು ನನ್ನ ಕಣ್ಣಿಗೇ ಬೀಳಲಿಲ್ಲ ಎನ್ನಬೇಕು. ರಸ್ತೆ ಎಂದರೆ ರಸ್ತೆ, ಅದರ ಮೇಲೆ ಹುರುಳಿ ಇದ್ದೇ ಇರುತ್ತದೆ!

ಮೊದಲ ಪ್ರಯೋಗ. ವೇಗವಾಗಿ ಬಂದು ಬ್ರೇಕ್ ತುಳಿದೆ. ಮುಂದಿನ ಚಕ್ರಗಳು ಹುರುಳಿಯ ಮೇಲೆ ತಿರುಗದೆ ಬಿಗಿದುಕೊಂಡು ಕಾರು ಜಾರುಬಂಡೆಯ ಮೇಲಿನ ಮಗುವಿನಂತೆ ಸೊಯ್ಯನೆ ಹೋಯಿತು. 'ಮುಂದಿನ ಬ್ರೇಕ್ ಅತಿಯಾಗಿದೆ' ಎಂದು ಬರೆದುಕೊಂಡು ತಿರುಪನ್ನು ಎರಡು ಸುತ್ತು ಬಲಕ್ಕೆ ತಿರುಗಿಸಿದೆ.

"ಸರಿಯಾಗಿ ನಿಲ್ಲಿಲ್ಲ ಮೇಷ್ಟ್ರೇ" ಎಂದಳು ಮುನಿವೆಂಕಟಮ್ಮ. "ಇನ್ನೊಂದ್ಸಲ ಬನ್ನಿ ನಾಯನಾ."

ಎರಡನೆಯ ಪ್ರಯೋಗದಲ್ಲಿ ಬ್ರೇಕ್ ತುಸು ತಡವಾಯಿತು. ಮುಂದಿನ ಚಕ್ರ ಬರೀ ಟಾರಿಗೆ ದಾಟಿತ್ತು, ಹಿಂದಿನದು ಇನ್ನೂ ಹುರುಳಿಯ ಮೇಲಿತ್ತು. ಹಿಂಭಾಗ ಎಡಕ್ಕೆ ಸರಕ್ಕೆಂದು ಹೊರಳಿತು. 'ಹಿಂದಿನ ಬ್ರೇಕ್ ಅತಿಯಾಗಿದೆ' ಎಂದು ಬರೆದು ಮೂರು ಸುತ್ತು ಎಡಕ್ಕೆ ತಿರುಗಿಸಿದೆ. ಮೂರನೆಯದರಲ್ಲಿ ಮತ್ತೆ ಮುಂದಿನದು ಅತಿಯಾಯಿತು. ನಾಲ್ಕನೆಯದರಲ್ಲಿ ಹಿಂದಿನದು. ಇಂಥ ಚಂಚಲ ಸ್ವಭಾವದ ಬ್ರೇಕನ್ನು ವಿಜ್ಞಾನ ಇದುವರೆಗೆ ಕಂಡಿರಲಾರದು!

ಮುನಿವೆಂಕಟಮ್ಮನ ಸಹಕಾರವನ್ನು ಮಾತ್ರ ಮರೆಯುವಂತಿಲ್ಲ. ಪ್ರತಿ ಸಲವೂ ನನ್ನನ್ನು ತಡೆದು, ಕೋಲಿನಿಂದ ಗಿಡಗಳನ್ನು ಹೊರಳಿಸಿ, "ಹೂಂ, ಈಗ ಬನ್ನಿ" ಎನ್ನುತ್ತಿದ್ದಳು. ನನಗಾಗಿ ದಾರಿ ಹದ ಮಾಡಿಕೊಡುತ್ತಿದ್ದಾಳೆ ಎಂದು ತಿಳಿದು ಕೈಮುಗಿದೆ. "ಈ ಅಂಚಲ್ಲಿ ಒಂದ್ಸಲಾನೂ ನಿಲ್ಸಿಲ್ಲ ನೀವು, ಈ ಕಡೆ ಬಂದು ನೋಡಿ" ಎಂದು ಸಲಹೆಯನ್ನೂ ಕೊಟ್ಟಳು. ಓದದ ಹೆಂಗಸಿಗೆ ಎಂಥ ವೈಜ್ಞಾನಿಕ ಮನೋಭಾವ ಎಂದು ಮೆಚ್ಚಿಕೊಂಡೆ.

ಹನ್ನೊಂದನೆಯ ಪ್ರಯೋಗದ ಹೊತ್ತಿಗೆ ಧೈರ್ಯಗೆಟ್ಟು ಮುಳಬಾಗಿಲಿನ ಮೆಕ್ಯಾನಿಕ್ ಬಾಬು ಭಾಯಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು. "ಸಾರ್, ರೋಡ್ ಕ್ಲೀನ್ ಇದೆ ತಾನೆ?"

ನನಗೆ ಸಿಟ್ಟು ಬಂತು. "ನಮ್ಮೂರ ರಸ್ತೆ ಅಂದ್ರೆ ಏನಂದ್ಕೊಂಡಿದೀರಿ? ಒಂದು ಗುಂಡಿ ಇಲ್ಲ!" ಎಂದು ಫೋನ್ ಇಟ್ಟುಬಿಟ್ಟೆ.

ಹದಿನೇಳನೆಯ ಪ್ರಯೋಗ ಮುಗಿಸಿ ಇಳಿಯುವಾಗ ಕಾರಿನ ಕೆಳಗಿನಿಂದ ಹೊಗೆ ಬಂತು. ತಳಕ್ಕೆ ಸಿಕ್ಕಿಕೊಂಡಿದ್ದ ಹುರುಳಿ ಹೊಟ್ಟು ಬಿಸಿ ಸೈಲೆನ್ಸರಿಗೆ ತಾಗಿ ಕರುಕಲಾಗುತ್ತಿತ್ತು. ನಾನು "ಬೆಂಕಿ! ಬೆಂಕಿ!" ಎಂದು ಅದರ ಲಕ್ಷಣಗಳನ್ನು ವಿವರಿಸುವುದರೊಳಗೆ ಮುನಿವೆಂಕಟಮ್ಮ ಕುಡಿಯುವ ನೀರಿನ ಬಿಂದಿಗೆಯನ್ನೇ ಎತ್ತಿ ಸುರಿದಳು. ಅವಳಿಗೆ ಹುರುಳಿಯ ಚಿಂತೆ, ನನಗೆ ಕಾರಿನ ಚಿಂತೆ. ಎರಡೂ ಉಳಿದವು.

ಆಗಲೇ ನಾಗರತ್ನ ನಡೆದುಕೊಂಡು ಬಂದಳು. ಕಾರನ್ನು ನೋಡಿದಳು, ರಸ್ತೆ ನೋಡಿದಳು, ನೋಟ್‌ಬುಕ್ಕನ್ನೂ ನೋಡಿದಳು.

"ರೀ, ಬೆಳಿಗ್ಗೆಯಿಂದ ಹುರುಳಿ ಒಕ್ಕಿಕೊಡ್ತಾ ಇದೀರಾ?"

"ಬ್ರೇಕ್ ಪರೀಕ್ಷೆ ಮಾಡ್ತಿದೀನಿ ಕಣೇ."

ಅವಳು ಚಪ್ಪಲಿ ಕಾಲನ್ನು ಹುರುಳಿಯ ಮೇಲಿಟ್ಟು ಒತ್ತಿದಳು. ಕಾಲು ಸರ್ರೆಂದು ಜಾರಿತು. "ಇದರ ಮೇಲೆ ನಾನೇ ನಿಂತ್ಕೊಳ್ಳಕ್ಕಾಗಲ್ಲ. ಕಾರ್ ನಿಲ್ಲುತ್ತಾ? ಮಕ್ಕಳಿಗೆ ಏನು ಪಾಠ ಮಾಡ್ತೀರಿ ನೀವು?"

ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಮುನಿವೆಂಕಟಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾಚಿಕೆಯಿಂದ ಭೂಮಿಗಿಳಿದು ಹೋಗೋಣವೆನ್ನಿಸಿತು.

"ಹೋಗ್ಲಿ, ಆ ತಿರುಪನ್ನ ಮೊದಲು ಎಲ್ಲಿತ್ತೋ ಅಲ್ಲಿಗೆ ತಿರುಗ್ಸಿ. ಸಾಫಾದ ರಸ್ತೇಲಿ ನೋಡೋಣ" ಎಂದಳು ನಾಗರತ್ನ.

ಮೊದಲು ಎಲ್ಲಿತ್ತು? ಮತ್ತೆ ಸೀಟಿನಲ್ಲಿ ಕೂತು ನೋಟ್‌ಬುಕ್ ತೆರೆದೆ. ಹದಿನೇಳು ಫಲಿತಾಂಶಗಳಿದ್ದವು. ಆರಂಭದ ಅಳತೆ ಮಾತ್ರ ಇರಲಿಲ್ಲ. ಆರಂಭದ ಅಳತೆ ಬರೆಯದ ಮಕ್ಕಳಿಗೆ ಎರಡು ಅಂಕ ಕಳೆಯುವ ಮೇಷ್ಟ್ರು ನಾನು! ಎಷ್ಟು ಸುತ್ತು ಬಲಕ್ಕೆ, ಎಷ್ಟು ಎಡಕ್ಕೆ ಎಂದು ಕೂಡಿ ಕಳೆದು ನೋಡಿದರೆ ಮೂರು ಸಲಕ್ಕೆ ಮೂರು ಉತ್ತರ ಬಂತು.

"ಇಳೀರಿ" ಎಂದಳು ನಾಗರತ್ನ.

"ನೀನು ಓಡಿಸ್ತೀಯಾ? ಇದು ಸ್ಪೋರ್ಟ್ಸ್ ಕಾರ್ ಕಣೇ! ಬ್ರೇಕ್ ಬೇರೆ ಯಾವ ಸ್ಥಿತೀಲಿದೆಯೋ ದೇವರಿಗೇ ಗೊತ್ತು!"

"ಹತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸ್ತಿದೀನಿ. ಇಳೀರಿ ಅಂದೆ."

ಇಳಿದು ಪಕ್ಕದ ಸೀಟಿಗೆ ಹೋಗಿ ಮುದುರಿ ಕೂತೆ. ಹುರುಳಿ ದಾಟಿ ಬರೀ ರಸ್ತೆಗೆ ಬಂದೆವು. ಎದುರಿಗೆ ಮೂರು ಕುರಿ ಅಡ್ಡ ಬಂದವು. ನಾನು ಕಣ್ಣು ಮುಚ್ಚಿ ಕಾರಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ನೆಟ್ಟಗೆ! ರೂಲು ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ!

"ಏನ್ ಮಾಡಿದೆ ನೀನು?"

"ಕುರಿ ದೂರದಲ್ಲೇ ಕಾಣಿಸ್ತು. ನಿಧಾನಕ್ಕೆ ಒತ್ತಿದೆ." ಅವಳು ಕುರಿಗಳು ದಾಟುವವರೆಗೆ ಕಾದು ಗೇರ್ ಹಾಕಿದಳು. "ನೀವು ಜಿರಳೆ ತುಳಿದ ಹಾಗೆ ತುಳೀತೀರಿ."

ಮನೆಗೆ ಬಂದವಳೇ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದಳು. ಕಾರು ಅವಳನ್ನು ಕೂರಿಸಿಕೊಂಡು ನೆಟ್ಟಗೆ ನಿಂತಿತ್ತು. ಯಾವ ಸೀಟಿನಲ್ಲಿ ಕೂರಿಸಿಕೊಂಡು ಎಂದು ಷರತ್ತಿನಲ್ಲಿ ಇರಲಿಲ್ಲವಲ್ಲ! ಸೋಮವಾರ ಬಾಬು ಭಾಯಿ ಬಂದು, ಗುಡಿಸಿದ ರಸ್ತೆಯಲ್ಲಿ ನಾಲ್ಕೇ ಸಲ ಓಡಿಸಿ ತಿರುಪನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದರು. ಮುನಿವೆಂಕಟಮ್ಮ ಎರಡು ಸೇರು ಹುರುಳಿ ಕಳಿಸಿ, "ಮೇಷ್ಟ್ರ ಕೂಲಿ" ಎಂದು ಹೇಳಿಕಳಿಸಿದ್ದಳು. ಆ ಹುರುಳಿ ಕಟ್ಟಿನ ಸಾರು ಬಹಳ ಚೆನ್ನಾಗಿತ್ತು, ನುಂಗುವುದು ಮಾತ್ರ ಕಷ್ಟವಾಯಿತು.

ಈಗ ಕಾರು ಚಪ್ಪರದ ಕೆಳಗಿದೆ. ಬೀಗದ ಕೈ ನಾಗರತ್ನಳ ಸೊಂಟದಲ್ಲಿದೆ. ಕೋಲಾರಕ್ಕೆ, ಶ್ರೀನಿವಾಸಪುರಕ್ಕೆ ಅವಳೇ ಓಡಿಸುತ್ತಾಳೆ. ನಾನು ಪಕ್ಕದಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂರುತ್ತೇನೆ. ಎದುರಿಗೆ ಹಸು ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ಎದುರಿನ ತಗಡನ್ನು ಬಲವಾಗಿ ತುಳಿಯುತ್ತದೆ.

"ಸುಮ್ನೆ ಕೂತ್ಕೊಳ್ರೀ, ಅಲ್ಲಿ ಬ್ರೇಕಿಲ್ಲ" ಎನ್ನುತ್ತಾಳೆ ನಾಗರತ್ನ.

ಇಲ್ಲವೆಂದು ನನಗೂ ಗೊತ್ತು. ಆದರೂ ತುಳಿಯುತ್ತೇನೆ, ಕಾರು ನಿಲ್ಲುತ್ತದೆ. ಈ ಎರಡಕ್ಕೂ ಏನೋ ಸಂಬಂಧವಿದೆ ಎಂದು ನಾನಿನ್ನೂ ನಂಬಿಕೊಂಡಿದ್ದೇನೆ.