ಎರಡು ಪ್ರಶ್ನೆ, ಒಂದೇ ಲಕೋಟೆ

ಸಲಹೆ ಕೇಳುವ ಚಟ ಕಾಫಿಯ ಚಟಕ್ಕಿಂತ ಕೆಟ್ಟದ್ದು. ಕಾಫಿಗಾದರೆ ಪುಡಿ ಬೇಕು, ಹಾಲು ಬೇಕು, ಡಿಕಾಕ್ಷನ್ ಇಳಿಯುವ ತನಕ ತಾಳ್ಮೆ ಬೇಕು. ಸಲಹೆಗೆ ನೀವು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ಲೋಟ ತುಂಬಿಸಿಕೊಂಡೇ ಕಾಯುತ್ತಿರುತ್ತಾರೆ. ತುಮಕೂರಿನಲ್ಲಿ ನೀರಿಗೆ ತತ್ವಾರ ಬಂದದ್ದನ್ನು ನೋಡಿದ್ದೇನೆ, ಸಲಹೆಗೆ ಬಂದದ್ದನ್ನು ಈವರೆಗೆ ಕಂಡಿಲ್ಲ. ಕಳೆದ ವರ್ಷ ನನಗೆ ಎರಡು ಸಮಸ್ಯೆಗಳಿದ್ದವು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹನ್ನೊಂದು ಪ್ರಬಂಧಗಳಲ್ಲಿ ಒಂದಾದರೂ ಅಚ್ಚಾಗಬೇಕು ಎನ್ನುವುದು ಮೊದಲನೆಯದು. ನಾನು ಬರೆದದ್ದನ್ನು ನಮ್ಮವರು ಒಮ್ಮೆಯಾದರೂ ಕೊನೆಯವರೆಗೆ ಓದಬೇಕು ಎನ್ನುವುದು ಎರಡನೆಯದು. ಮೊದಲನೆಯದೇ ಕಷ್ಟ ಎಂದುಕೊಂಡಿದ್ದೆ. ಅಷ್ಟು ಮುಗ್ಧೆ ನಾನು.

ನಮ್ಮವರು ಪಶುವೈದ್ಯರು. ದಿನಾ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿ ಹೋಗಿ, ಸಂಜೆ ಫಿನಾಯಿಲ್ ವಾಸನೆಯೊಂದಿಗೆ ವಾಪಸಾಗುತ್ತಾರೆ. ಬಾಯಿಲ್ಲದ ಹಸುವಿನ ಸಂಕಟವನ್ನು ಅದರ ಕಿವಿ ಮುಟ್ಟಿ ನೋಡಿಯೇ ಹೇಳಬಲ್ಲ ಮನುಷ್ಯ. ಬಾಯಿರುವ ಹೆಂಡತಿ ಬಾಯಿಬಿಟ್ಟು ಹೇಳಿದರೂ ಬರೀ "ಹೂಂ." ಗ್ಯಾಸ್ ಮುಗಿದಿದೆ ಎಂದರೂ ಹೂಂ, ಅವರ ಅಕ್ಕನ ಮೊಮ್ಮಗಳಿಗೆ ನಾಮಕರಣ ಎಂದರೂ ಹೂಂ. ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣ ಎಂದು, "ರೀ, ನಾಳೆಯಿಂದ ನಾನು ಬಿದರೆಹಳ್ಳ ಕಾವಲ್ ಫ್ಯಾಕ್ಟರೀಲಿ ಹೆಲಿಕಾಪ್ಟರ್ ಓಡ್ಸೋ ಕೆಲ್ಸಕ್ಕೆ ಸೇರ್ಕೋತಾ ಇದೀನಿ" ಎಂದೆ. "ಹೂಂ, ತಿಂಡಿ ಮಾಡಿಟ್ಟು ಹೋಗು" ಎಂದರು. ನನ್ನ ನೋಟ್‌ಬುಕ್ಕನ್ನು ಕೈಗೆ ಕೊಟ್ಟ ದಿನ ಅರ್ಧ ಪುಟ ನೋಡಿ, "ಅಕ್ಷರ ದುಂಡಗಿದೆ ಕಣೇ" ಎಂದು ಹಿಂದಕ್ಕೆ ಕೊಟ್ಟರು. ವಿಮರ್ಶೆ ಇಷ್ಟು ಸಂಕ್ಷಿಪ್ತವಾಗಿದ್ದರೆ ಲೇಖಕರ ಆಯುಸ್ಸು ಹೆಚ್ಚುತ್ತದೆಯೋ ಏನೋ.

ದುಂಡಗಿನ ಅಕ್ಷರಕ್ಕೆ ಕಾರಣ ಕಾನ್ವೆಂಟು. ಅಲ್ಲಿ ಕನ್ನಡ ಮಾತಾಡಿದವರ ಕೊರಳಿಗೆ ಒಂದು ಮರದ ಬಿಲ್ಲೆ ತಗುಲಿಹಾಕುತ್ತಿದ್ದರು. ಅದನ್ನು ಅತಿ ಹೆಚ್ಚು ದಿನ ಹೊತ್ತವಳು ನಾನೇ. ಸಾಹಿತ್ಯಕ್ಕಾಗಿ ನನ್ನ ಕೊರಳಿಗೆ ಬಿದ್ದ ಪದಕ ಈವರೆಗೆ ಅದೊಂದೇ. ಬಿಲ್ಲೆ ಹಾಕಿದ ಸಿಸ್ಟರ್ ಅವರೇ ನನಗೆ ಇನ್ನೂ ಎರಡನ್ನು ಕಲಿಸಿದರು: ಯಾರ ಮೇಲೂ ದನಿ ಏರಿಸಬಾರದು, ಪತ್ರ ಬರೆದರೆ ವಿಳಾಸ, ದಿನಾಂಕ, ವಿಷಯ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿರಬೇಕು. ಈ ಎರಡನೆಯ ಪಾಠದಿಂದಲೇ ನಾನು ಕೆಟ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರಕಟಣೆಯ ಬಗ್ಗೆ ಸಲಹೆ ಕೇಳಲು ಮೊದಲು ಗುಬ್ಬಿಗೆ ಹೋದೆ. ಅಲ್ಲಿರುವ ನಮ್ಮವರ ಚಿಕ್ಕಪ್ಪ, ನನಗೆ ಮಾವ, ನಿವೃತ್ತ ಮೇಷ್ಟ್ರು. ತಮ್ಮ ಖರ್ಚಿನಲ್ಲೇ ನಾಲ್ಕು ಕವನ ಸಂಕಲನ ಅಚ್ಚು ಹಾಕಿಸಿದ್ದಾರೆ. ನಮ್ಮ ಕಡೆ ಮದುವೆಗೆ ಬಂದವರು ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ ಇಲ್ಲದೆ ಹಿಂದಿರುಗುವುದಿಲ್ಲ. ಮಾವನ ಬಳಗದ ಮದುವೆಗಳಲ್ಲಿ ಕಾಯಿಯ ಹಿಂದೆಯೇ ಕವನ ಸಂಕಲನವೂ ಚೀಲಕ್ಕೆ ಬೀಳುತ್ತದೆ. ಕಡಬದಲ್ಲಿ ನಡೆದ ಒಂದು ಮದುವೆಯಲ್ಲಿ ನಾನೇ ಕಂಡೆ: ಜನ ಕಾಯಿಯನ್ನು ತಮ್ಮ ಬ್ಯಾಗಿಗೆ ಸೇರಿಸಿ, ಪುಸ್ತಕವನ್ನು ಕುರ್ಚಿಯ ಮೇಲೆ ಭದ್ರವಾಗಿ ಬಿಟ್ಟು ಎದ್ದರು. ಒಬ್ಬ ಹೆಂಗಸು ಮಾತ್ರ ಪುಸ್ತಕವನ್ನು ತೆರೆದರು. ಕಾಯಿ ಉರುಳದಂತೆ ನಡುವಿನ ಪುಟದಲ್ಲಿ ಕೂರಿಸುವುದಕ್ಕೆ. ಆದರೂ ಮಾವ ಪ್ರಕಟಿತ ಕವಿ, ನಾನು ಅಪ್ರಕಟಿತೆ. ಕೈಕಟ್ಟಿ ನಿಂತು ಕೇಳಿದೆ.

"ಅದಿರ್ಲಿ ಕಣಮ್ಮ, ನಮ್ಮ ಹುಡ್ಗ ಯಾಕೆ ಹಿಂಗೆ ಬಡವಾಗವ್ನೆ? ಮುದ್ದೆ ಮಾಡ್ತೀಯೋ, ಬರೀ ಬ್ರೆಡ್ಡೋ?"

"ಮುದ್ದೆ ಮಾಡ್ತೀನಿ ಮಾವ. ನಾನು ಕೇಳಿದ್ದು, ಸಂಪಾದಕರಿಗೆ ಹೇಗೆ ಕಳಿಸ್ಬೇಕು ಅಂತ."

"ಕಳ್ಸೋದೇನ್ ಮಹಾ, ಬುಡು. ಸಂಸಾರ ಮೊದ್ಲು. ಗಂಡ ಆಫೀಸಿಂದ ಬಂದಾಗ ನಗ್ತಾ ಬಾಗ್ಲು ತೆಗೀಬೇಕು."

ನಗುತ್ತಲೇ ಎದ್ದು ಬಂದೆ. ಬರುವಾಗ ಕೈಗೆ ಅವರ ಸಂಕಲನದ ಆರು ಪ್ರತಿಗಳನ್ನೂ ಕೊಟ್ಟರು, ಹಂಚುವುದಕ್ಕೆ.

ಸರಿ, ಸಂಸಾರದ ಬಗ್ಗೆ ಸಂಸಾರ ಬಲ್ಲವರನ್ನೇ ಕೇಳೋಣ ಎಂದು ಕುಣಿಗಲ್‌ನಲ್ಲಿರುವ ನಮ್ಮವರ ಸೋದರತ್ತೆಯ ಬಳಿಗೆ ಹೋದೆ. ಅವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಒಂದು ಮೊರ ಎಳೆದುಕೊಂಡೆ.

"ಅತ್ತೆ, ನಾನು ಏನ್ ಹೇಳಿದ್ರೂ ಇವ್ರು ಬರೀ ಹೂಂ ಅಂತಾರೆ."

"ಹೂಂ ಅಂತಾನಾ? ಪುಣ್ಯವಂತೆ ಕಣೇ ನೀನು! ನಮ್ಮನೆಯವ್ರು ನಲವತ್ತು ವರ್ಷ ಅದನ್ನೂ ಅನ್ಲಿಲ್ಲ. ಕೆಮ್ಮೋರು. ಆ ಕೆಮ್ಮಲ್ಲೇ ಸಾರಿಗೆ ಉಪ್ಪು ಕಮ್ಮಿನೋ ಖಾರ ಜಾಸ್ತಿನೋ ನಾನು ತಿಳ್ಕೋಬೇಕಾಗಿತ್ತು." ಒಂದು ಹುಳುಕು ಕಾಯಿಯನ್ನು ಆಚೆಗೆಸೆದು ಮುಂದುವರಿಸಿದರು. "ನೀನೇನೋ ಬರೀತೀಯಂತಲ್ಲ, ಇದ್ನೇ ಬರ್ದು ಪೇಪರ್‌ಗೆ ಹಾಕ್ಸು. ಮೊದ್ಲು ಜಗ್ಳ ಹಾಕು, ಆಮೇಲೆ ಮರ ಗಿಡ ಮೋಡ ಎಲ್ಲ ತಾ. ಮರ ಗಿಡ ಮೊದ್ಲೇ ಬಂದ್ರೆ ನಾನು ಪುಟ ತಿರುವಾಕ್ತೀನಿ, ನೋಡು."

ಹೀಗೆ ಪ್ರಕಟಣೆ ಕೇಳಿದಲ್ಲಿ ಸಂಸಾರ ಸಿಕ್ಕಿತು, ಸಂಸಾರ ಕೇಳಿದಲ್ಲಿ ಪ್ರಕಟಣೆ. ಎರಡೂ ಒಂದೇ ಕಡೆ ಸಿಗಲಿ ಎಂದು ಕೊನೆಗೆ ಒಂದು ವಾರಪತ್ರಿಕೆಯ ಸಂಪಾದಕರಿಗೇ ಪತ್ರ ಬರೆದೆ. ಇಮೇಲ್ ಮಾಡಬಹುದಿತ್ತು, ಆದರೆ ಸಿಸ್ಟರ್ ಇಮೇಲ್ ಕಲಿಸಿರಲಿಲ್ಲ. ಎಡಕ್ಕೆ ನನ್ನ ವಿಳಾಸ, ಬಲಕ್ಕೆ ದಿನಾಂಕ, ನಡುವೆ ಅಡಿಗೆರೆ ಎಳೆದು ವಿಷಯ: "ಒಂದು, ಪ್ರಬಂಧ ಪ್ರಕಟಿಸುವ ಬಗೆ. ಎರಡು, ಪತಿಯ ಗಮನ ಸೆಳೆಯುವ ಬಗೆ." ಒಂದನೆಯದಕ್ಕೆ ಮೂರು ಸಾಲು ಬರೆದೆ. ಎರಡನೆಯದಕ್ಕೆ ಬರೆಯುತ್ತ ಬರೆಯುತ್ತ ಮೂರು ಪುಟವಾಯಿತು. ದನಿ ಏರಿಸದೆಯೇ ಬರೆದೆ: "ನನ್ನ ಪತಿಯವರು ಪಶುವೈದ್ಯರು. ಬಹಳ ಒಳ್ಳೆಯವರು. ಆದರೆ..." ಜೊತೆಗೆ ಕುಕ್ಕರಿನ ವಿಷಲ್ ಎಣಿಸುವ ಕುರಿತ ನನ್ನ ಅತ್ಯುತ್ತಮ ಪ್ರಬಂಧವನ್ನೂ ಮಡಚಿ ಅದೇ ಲಕೋಟೆಗೆ ಹಾಕಿದೆ.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಪತ್ರಿಕೆ ತೆರೆದವಳು ಹಾಗೇ ನಿಂತೆ. ಪ್ರಬಂಧ ಇರಲಿಲ್ಲ. ಮೊದಲನೆಯ ಪ್ರಶ್ನೆಯೂ ಇರಲಿಲ್ಲ. ಸಮಸ್ಯೆ-ಪರಿಹಾರದ ಪುಟದಲ್ಲಿ "ನೊಂದ ಗೃಹಿಣಿ, ತುಮಕೂರು" ಎಂಬ ಸಹಿಯೊಂದಿಗೆ ನನ್ನ ಮೂರು ಪುಟ ಒಂದು ಕಾಲಂ ಆಗಿ ನಿಂತಿತ್ತು. ಜಾಗ ಸಾಲದೆಯೋ ಏನೋ, "ಪಶು" ಕತ್ತರಿಸಿ ಬರೀ "ವೈದ್ಯರು" ಉಳಿಸಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಪರಿಹಾರ: "ತಾಯಿ, ಬಿಡುವಿನ ವೇಳೆಯಲ್ಲಿ ಹೊಲಿಗೆ, ಕೈತೋಟ ಅಥವಾ ಬರವಣಿಗೆಯಂಥ ಹವ್ಯಾಸ ಬೆಳೆಸಿಕೊಳ್ಳಿ. ನಿಮ್ಮ ಪತಿ ಹೇಳುವುದನ್ನು ನೀವೂ ಆಸಕ್ತಿಯಿಂದ ಕೇಳಿ." ಬರವಣಿಗೆಯನ್ನು ಹವ್ಯಾಸವಾಗಿ ಬೆಳೆಸಿಕೊಳ್ಳಬೇಕಂತೆ! ನನಗೆ ಹೊಳೆದೇ ಇರಲಿಲ್ಲ.

ಪತ್ರಿಕೆಯನ್ನು ದಿಂಬಿನ ಕೆಳಗೆ ತಳ್ಳಬೇಕು ಎನ್ನುವಷ್ಟರಲ್ಲಿ ನಮ್ಮವರ ಕೈ ಚಾಚಿತು. ಅವರು ಪತ್ರಿಕೆಯಲ್ಲಿ ಮೊದಲು ಓದುವುದೇ ಆ ಪುಟ. ಬೇರೆಯವರ ಮನೆಯ ಗೋಳೆಂದರೆ ಎಲ್ಲಿಲ್ಲದ ಆಸಕ್ತಿ. ನಾನು ಒಗ್ಗರಣೆ ಸೌಟು ಹಿಡಿದು ಬಾಗಿಲಲ್ಲೇ ನಿಂತೆ. ಅವರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿಂದ ಓದಿದರು.

"ಪಾಪ ಕಣೇ! ನಮ್ಮೂರಿನ ಯಾರೋ ಡಾಕ್ಟ್ರ ಹೆಂಡ್ತಿ. ಆ ಹಿಂದಿನ ಬೀದಿ ಹಲ್ಲಿನ ಡಾಕ್ಟ್ರೇ ಇರ್ಬೇಕು. ದಿನವೆಲ್ಲ ಊರವ್ರ ಬಾಯಿಗೇ ಕೈ ಹಾಕ್ಕೊಂಡಿರ್ತಾನೆ, ಹೆಂಡ್ತಿ ಬಾಯಿಂದ ಬಂದಿದ್ದು ಎಲ್ಲಿ ಕೇಳುತ್ತೆ? ಎಂಥಾ ಮನುಷ್ಯ!"

"ಹೌದಾ?" ಎಂದೆ.

"ಆದ್ರೆ ಏನ್ ಚೆನ್ನಾಗಿ ಬರ್ದಿದಾಳೆ ಗೊತ್ತಾ. ಒಂದು ಸಾಲು ಬಿಡೋ ಹಾಗಿಲ್ಲ. ನೀನೂ ಇಂಥದ್ದು ಬರಿ, ಓದೋಣ."

ಹಲ್ಲಿನ ಡಾಕ್ಟರರ ಮರ್ಯಾದೆ ಉಳಿಸಬೇಕಿತ್ತು, ನಿಜ. ಬರೆದವಳು ನಾನೇ ಎಂದು ಹೇಳಲು ಬಾಯಿಯನ್ನೂ ತೆರೆದಿದ್ದೆ. ಆದರೆ ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಸಿಕ್ಕ ಹೊಗಳಿಕೆಯನ್ನು ಅಷ್ಟು ಬೇಗ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವರೇ ಸ್ವಲ್ಪ ಮೆತ್ತಗಾಗಿ, "ಬಾ, ಕೂತ್ಕೋ. ನಿನ್ನೆ ಒಂದು ಎಮ್ಮೆ ಬಂದಿತ್ತು..." ಎಂದು ಶುರು ಮಾಡಿದರು. ಕಷ್ಟದ ಹೆರಿಗೆಯಂತೆ, ಜೊತೆಗೆ ಬಂದಿದ್ದ ಮುದುಕಿ ಎಮ್ಮೆಯ ಕೊರಳು ತಬ್ಬಿ ಅಳುತ್ತಿದ್ದಳಂತೆ. ಮಾತಾಡುತ್ತ ಮಾತಾಡುತ್ತ ಅವರ ಕಣ್ಣಂಚು ಒದ್ದೆಯಾದದ್ದನ್ನು ನಾನು ನೋಡಿದೆ. ನೋಡಿದ್ದಷ್ಟೇ. ತಲೆಯೊಳಗೆ ಆಗಲೇ ಈ ಪ್ರಬಂಧದ ಮೊದಲ ಸಾಲು ಓಡಾಡುತ್ತಿತ್ತು, ಕಾಫಿಯ ಚಟ ಎನ್ನುವುದೋ ಎಲೆಯಡಿಕೆಯ ಚಟ ಎನ್ನುವುದೋ ಎಂದು ತೂಗುತ್ತಿದ್ದೆ. ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

"ಹೂಂ," ಎಂದೆ.

ಆ ಎಮ್ಮೆ ಬದುಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಕೇಳಲು ನಾಚಿಕೆ. ಹೇಗೆ ಕೇಳಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ. ಈ ಸಲ ಲಕೋಟೆಯಲ್ಲಿ ಇರುವುದು ಒಂದೇ ಪ್ರಶ್ನೆ.