ಹನ್ನೆರಡರ ನಳಿಕೆಗೆ ಹತ್ತರ ಬ್ರಷ್ಷು

ಕಳೆದ ಖಂಡೇನವಮಿಯ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ತಾರ್ನಾಕದ ನಮ್ಮ ಮನೆಯ ಹಿತ್ತಿಲಲ್ಲಿ, ತುಳಸಿ ಕಟ್ಟೆಯಿಂದ ಮೂರು ಹೆಜ್ಜೆ ಈಚೆಗೆ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅಂದು ನಡೆದದ್ದನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಎಲ್ಲದರಲ್ಲೂ ಪೆದ್ದ ನಾನೇ. ನಾನು ಹೇಳುವುದರಲ್ಲೂ ಹಾಗೆಯೇ, ಆದರೆ ವಿವರಗಳಾದರೂ ಸರಿಯಾಗಿರಲಿ.

ನಮ್ಮ ಜೊತೆಗಿರುವ ಮಾವನವರದು ಬೀದರ ಕಡೆಯ ಮನೆತನ. ಅವರ ಬಳಿ ಲೈಸೆನ್ಸ್ ಇರುವ, ಹನ್ನೆರಡು ಬೋರಿನ ಜೋಡುನಳಿಕೆ ಬಂದೂಕಿದೆ. ಅದು ಇದುವರೆಗೆ ಯಾರನ್ನೂ ಹೊಡೆದಿಲ್ಲ. ವರ್ಷಕ್ಕೊಮ್ಮೆ ಕುಂಕುಮ ಹಚ್ಚಿಸಿಕೊಳ್ಳುತ್ತದೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ. ಮಾವನವರ ಕಣ್ಣು ಮಂಜಾದ ಮೇಲೆ ನಳಿಕೆಯ ಒಳಗನ್ನು ಯಾರೂ ತಿಕ್ಕಿರಲಿಲ್ಲ. "ಅಳಿಯಂದಿರ, ಈ ವರ್ಷ ನೀವ ತಿಕ್ರಿ. ಪೂಜಾಕ್ಕ ಮೊದಲ ನಳಿಕ್ಯಾಗ ಬೆಳಕ ಕಾಣಬೇಕು. ಕಂಡ್ರ ಲೈಸೆನ್ಸ ನಿಮ್ಮ ಹೆಸರಿಗೆ ಮಾಡಾಕ ಅರ್ಜಿ ಹಾಕೋಣು. ಇಲ್ಲಾಂದ್ರ ಬಂದೂಕಿನ ಅಂಗಡಿಯವಗ ಕೊಟ್ಟ ಬಿಡ್ತೀನಿ" ಎಂದರು. ಕುಕ್ಕರ್ ಸೀಟಿಗೂ ಬೆಚ್ಚುವ ನನಗೆ ಆ ಬಂದೂಕು ಬೇಕೇ ಬೇಕು ಅನ್ನಿಸಿಬಿಟ್ಟಿತು.

ನಳಿಕೆ ತಿಕ್ಕುವ ಬ್ರಷ್ಷು ತರಲು ಅಬಿಡ್ಸ್‌ನ ಒಂದು ಹಳೆಯ ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯ ಮುದುಕ ಕಂಚಿನ ತಂತಿಯ ಬ್ರಷ್ಷು ತೋರಿಸಿ, "ಬಾರಾ ಕೋ ಬಾರಾಚ್ ಹೋನಾ ಸಾಬ್" ಎಂದ. ನಾನು ಯೋಚಿಸಿದೆ. ಹನ್ನೆರಡರ ತೂತಿನಲ್ಲಿ ಹನ್ನೆರಡರ ಬ್ರಷ್ಷು ಹೋಗುವುದು ಹೇಗೆ? ಕಾಲಿಗಿಂತ ಚಪ್ಪಲಿ ತುಸು ದೊಡ್ಡದಿರಬೇಡವೇ? "ದಸ್ ದೇವ್" ಎಂದು ಹತ್ತರದ್ದು ಕೇಳಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, ಕೆಳಗಿನ ಖಾನೆಯಿಂದ ಒಂದನ್ನು ತೆಗೆದು ಧೂಳು ಊದಿದ. ಆ ನೋಟವನ್ನು ನಾನು ಗೌರವ ಎಂದುಕೊಂಡೆ. ಬಂದೂಕಿನ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ತೂತು ಹಿಗ್ಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೇಲೆ ಹೇಳಿದ ಹೊತ್ತಿಗೆ ಮಾವ ಬಂದೂಕು ಬಿಚ್ಚಿ, ಖಾಲಿ ಇದೆಯೆಂದು ಎರಡು ಸಲ ಬೆರಳಾಡಿಸಿ ನೋಡಿ, ನಳಿಕೆಯನ್ನಷ್ಟೇ ನನ್ನ ಕೈಗಿಟ್ಟರು. ಬ್ರಷ್ಷನ್ನು ತಿಕ್ಕುವ ಕೋಲಿನ ತುದಿಗೆ ತಿರುಪಿ ಕೂರಿಸಿ, ಜೋಡಿಯಲ್ಲಿ ಒಂದು ನಳಿಕೆಯೊಳಗೆ ನೂಕಿದೆ. ಅದು ಅರ್ಧ ದಾರಿ ಹೋಗಿ ನಿಂತಿತು. ಹಿಂದಕ್ಕೆ ಎಳೆದೆ. ಅಲುಗಲಿಲ್ಲ.

"ಬೆಳಕ ಕಾಣತೈತೇನ್ರಿ?"

"ಒಂದೀಟ ಮಬ್ಬ ಐತ್ರಿ, ಮಾವಾರ."

ಆಮೇಲೆ ಮಾವ ಒಂದು ತುದಿ, ನಾನು ಒಂದು ತುದಿ ಹಿಡಿದು ಜಗ್ಗಿದೆವು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ವಿಮಲಮ್ಮನವರು ಇಣುಕಿ, "ಏಮಂಡಿ, ಪೈಪು ಜಾಮ್ ಅಯಿಂದಾ?" ಎಂದರು. ಹೋಳಿಗೆ ಕಣಕದ ಕೈಯಲ್ಲೇ ನನ್ನ ಹೆಂಡತಿ ಸುನಂದಾ ಬಂದಳು. "ತಂತಿ ಎಲ್ಲಾ ಹಿಂದಕ್ಕ ಬಾಗ್ಯಾವು. ಹಿಂದ ಜಗ್ಗಿದ್ರ ಬರತಾವೇನ್ರೀ? ಮುಂದ ನೂಕ್ರಿ. ಸರೀರಿ ಆ ಕಡೆ!" ಎಂದು ಕೊಬ್ಬರಿ ಎಣ್ಣೆ ಸುರಿದು, ಕೋಲಿನ ತುದಿಯನ್ನು ಗೋಡೆಗಾನಿಸಿ ನಳಿಕೆಯನ್ನೇ ಒತ್ತಿದಳು. ಫಟ್ ಎಂದಿತು. ಬ್ರಷ್ಷು ಹಾರಿ ತುಳಸಿಯ ಬುಡದಲ್ಲಿ ಬಿತ್ತು. ನಾನು ಕುಳಿತುಬಿಟ್ಟಿದ್ದೆ, ಯಾವಾಗ ಕುಳಿತೆನೆಂದು ಪ್ರಮಾಣ ಮಾಡಿ ಹೇಳಲಾರೆ.

ಮಾವ ಎರಡೂ ನಳಿಕೆ ಎತ್ತಿ ಸೂರ್ಯನ ಕಡೆ ಹಿಡಿದರು. ನಾನು ಮುಟ್ಟದಿದ್ದ ನಳಿಕೆ ಮಂಕಾಗಿತ್ತು. ಇನ್ನೊಂದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. "ಬೆಳಕ ಭಾಳ ಐತಿ" ಎಂದರು, ನನ್ನ ಕಡೆ ನೋಡದೆ.

ಅರ್ಜಿ ಸುನಂದಾಳ ಹೆಸರಿಗೆ ಹೋಯಿತು. ಆ ದಿನ ಪೂಜೆಯಲ್ಲಿ ಮಾವ ಹತ್ತನೇ ನಂಬರಿನ ಬ್ರಷ್ಷಿಗೂ ಕುಂಕುಮ ಹಚ್ಚಿದರು, "ಅಳಿಯಂದಿರ ಆಯುಧ" ಎಂದು. ಇದನ್ನೆಲ್ಲ ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಮೂವರು: ಮಾವ, ಸುನಂದಾ, ವಿಮಲಮ್ಮನವರು. ಮೂವರೂ ಬದುಕಿದ್ದಾರೆ. ನೆನಪಿನ ಶಕ್ತಿಯೂ ಚೆನ್ನಾಗಿಯೇ ಇದೆ.